ಸಿಂಹದ ಬಾಯಿ ಸೀಳುವ ಸಂಸೋನ: ಜೇಡಿಮಣ್ಣಿನಲ್ಲಿ ಕಾರಂಜಿ ಮಾಡುವ ಬಗೆ

ಸ್ವಿಟ್ಜರ್ಲೆಂಡಿನ ರಾಜಧಾನಿ ಬರ್ನ್‌ನಲ್ಲಿ ಕ್ರಾಮ್‌ಗಾಸೆ ಅಂತ ಒಂದು ಹಳೇ ಬೀದಿ ಇದೆ. ಬೀದಿಯ ನಟ್ಟನಡುವೆ ಕಲ್ಲಿನ ತೊಟ್ಟಿ. ತೊಟ್ಟಿಯಿಂದ ಮೇಲೆದ್ದ ಕಂಬ. ಕಂಬದ ತುದಿಯಲ್ಲಿ ಗಡ್ಡದ ಗಂಡಸೊಬ್ಬ ಸಿಂಹವನ್ನು ಕಾಲುಗಳ ನಡುವೆ ಅದುಮಿಕೊಂಡು, ಅದರ ಬಾಯನ್ನು ಎರಡೂ ಕೈಯಲ್ಲಿ ಅಗಲಿಸುತ್ತಿದ್ದಾನೆ. ಅವನು ಬೈಬಲಿನ ಸಂಸೋನ. ಹಾನ್ಸ್ ಗೀಂಗ್ ಎಂಬ ಶಿಲ್ಪಿ 1544ರಲ್ಲಿ ಮಾಡಿದ ಪ್ರತಿಮೆ ಇದು. ಅದೇ ಬೀದಿಯ 49ನೇ ನಂಬರ್ ಮನೆಯಲ್ಲಿ ಐನ್‌ಸ್ಟೈನ್ 1903ರಿಂದ 1905ರವರೆಗೆ ಬಾಡಿಗೆಗೆ ಇದ್ದರು. ಅವರೂ ಈ ಸಂಸೋನನ ಪಕ್ಕದಲ್ಲೇ ಓಡಾಡಿದವರು.

ಈ ಕಾರಂಜಿಯನ್ನು ನಮ್ಮ ಕೆರೆ ಮಣ್ಣಿನಲ್ಲಿ, ನೀರು ಹರಿಯುವ ಹಾಗೆ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಬೊಂಬೆ ಒಂದಡಿ, ಕಂಬ ಒಂದಡಿ. ಮನೆಯ ಅಂಗಳದಲ್ಲೋ ಶಾಲೆಯ ವರಾಂಡದಲ್ಲೋ ಇಡಬಹುದು. ನಾನು ಮೈಸೂರಿನಲ್ಲಿ ಮಕ್ಕಳಿಗೂ ದೊಡ್ಡವರಿಗೂ ಮಣ್ಣಿನ ಕೆಲಸ ಕಲಿಸುವ ಮೇಷ್ಟ್ರು. ನಮ್ಮಪ್ಪ ಮಂಡ್ಯ ಕಡೆಯ ಹಳ್ಳಿಯಲ್ಲಿ ಮಡಕೆ ಮಾಡುತ್ತಿದ್ದವರು. ಮಣ್ಣಿನ ಹದ ಅವರಿಂದ ಬಂದದ್ದು. ಸಂಸೋನ ಪುಸ್ತಕದ ಚಿತ್ರಗಳಿಂದ ಬಂದವನು.

ಕಲಿಯುವವರಿಗೆ ನಾನು ಪದೇ ಪದೇ ಇದೇ ಬೊಂಬೆಯನ್ನು ಕೊಡುತ್ತೇನೆ. ಇದರಲ್ಲಿ ಮನುಷ್ಯನ ಮೈ ಇದೆ, ಪ್ರಾಣಿಯ ಮೈ ಇದೆ, ಕಂಬ ಇದೆ, ನೀರಿದೆ. ನಾಲ್ಕಕ್ಕೂ ಸೇರಿ ಕೇಳಬೇಕಾದ ಪ್ರಶ್ನೆ ಒಂದೇ. ಭಾರ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಇಳಿಯುತ್ತದೆ? ಇದು ಗೊತ್ತಾದರೆ ಬೊಂಬೆ ನಿಲ್ಲುತ್ತದೆ, ನೋಡುವವರ ಕಣ್ಣಿಗೆ ಬಲವೂ ಕಾಣುತ್ತದೆ. ಗೊತ್ತಾಗದಿದ್ದರೆ ಎಷ್ಟೇ ನುಣುಪಾಗಿ ತಿದ್ದಿದರೂ ಸಂಸೋನ ಸಿಂಹದ ಹಲ್ಲು ನೋಡುತ್ತಿರುವ ವೈದ್ಯನಾಗಿ ಬಿಡುತ್ತಾನೆ.

ಮೊದಲು ಕಥೆ ತಿಳಿದುಕೊಳ್ಳಿ

ಕಥೆ ಬೈಬಲಿನ ನ್ಯಾಯಸ್ಥಾಪಕರು ಎಂಬ ಭಾಗದ 14ನೇ ಅಧ್ಯಾಯದಲ್ಲಿದೆ. ಸಂಸೋನ ತಂದೆತಾಯಿಯ ಜೊತೆ ತಿಮ್ನಾ ಎಂಬ ಊರಿಗೆ ಹೋಗುತ್ತಿರುತ್ತಾನೆ. ದ್ರಾಕ್ಷಿ ತೋಟದ ಹತ್ತಿರ ಪ್ರಾಯದ ಸಿಂಹವೊಂದು ಗರ್ಜಿಸುತ್ತಾ ಎದುರಾಗುತ್ತದೆ. ಅವನ ಕೈಯಲ್ಲಿ ಏನೂ ಇಲ್ಲ. ದೇವರ ಆತ್ಮ ಅವನ ಮೇಲೆ ಬರುತ್ತದೆ, ಆಡಿನ ಮರಿಯನ್ನು ಸೀಳುವಂತೆ ಅದನ್ನು ಸೀಳಿ ಹಾಕುತ್ತಾನೆ. ತಂದೆತಾಯಿಗೆ ಹೇಳುವುದೂ ಇಲ್ಲ. ಕೆಲವು ದಿನ ಕಳೆದು ಅದೇ ದಾರಿಯಲ್ಲಿ ಬಂದಾಗ ಸತ್ತ ಸಿಂಹದ ಒಡಲಲ್ಲಿ ಜೇನು ಕಟ್ಟಿರುತ್ತದೆ. ಜೇನನ್ನು ಕೈಯಲ್ಲಿ ತೆಗೆದುಕೊಂಡು ತಿನ್ನುತ್ತಾ ನಡೆಯುತ್ತಾನೆ, ಮನೆಯವರಿಗೂ ಕೊಡುತ್ತಾನೆ.

ಇದರಲ್ಲಿ ಬೊಂಬೆ ಮಾಡುವವರು ಹಿಡಿದುಕೊಳ್ಳಬೇಕಾದ ಸಂಗತಿ ಎರಡು. ಒಂದು, ಬರಿಗೈ. ಕತ್ತಿ, ಈಟಿ ಏನೂ ಬೇಡ. ನಮ್ಮ ಬೇಲೂರಿನ ಸಳ ಆಯುಧ ಹಿಡಿದು ಸಿಂಹಕ್ಕೆ ಎದುರಾಗಿ ನಿಂತವನು. ಅಲ್ಲಿ ಸಿಂಹ ಹಿಂಗಾಲ ಮೇಲೆ ಎದ್ದಿದೆ, ಇಬ್ಬರೂ ಎದುರುಬದುರು. ಸಂಸೋನನದು ಬೇರೆ ಜೋಡಣೆ. ಅವನು ಸಿಂಹದ ಮೇಲೆ ಇದ್ದಾನೆ, ಇಬ್ಬರ ಮುಖವೂ ಹೆಚ್ಚುಕಡಿಮೆ ಒಂದೇ ಕಡೆಗಿದೆ. ಹಾಗಾಗಿ ಮುಂದೆ ನಿಂತು ನೋಡುವವರಿಗೆ ಎರಡು ಮುಖವೂ ಒಂದರ ಮೇಲೊಂದು ಕಾಣುತ್ತವೆ. ಎರಡು, ಕೂದಲು. ಹುಟ್ಟಿದಾಗಿನಿಂದ ಅವನ ತಲೆಗೆ ಕತ್ತರಿ ಬಿದ್ದಿಲ್ಲ. ಮುಂದೆ 16ನೇ ಅಧ್ಯಾಯದಲ್ಲಿ ಅವನ ತಲೆಯ ಏಳು ಜಡೆಗಳ ಮಾತು ಬರುತ್ತದೆ. ಏಳು ಜಡೆಯನ್ನೂ ಎಣಿಸಿ ಮಾಡಿ. ಬೆನ್ನಿನ ಮೇಲೆ ಇಳಿಬಿಟ್ಟ ಜಡೆಗಳು ಮುಂದೆ ನಿಮಗೆ ಇನ್ನೊಂದು ಉಪಕಾರ ಮಾಡುತ್ತವೆ. ಮಣ್ಣಿನ ಬೊಂಬೆಯಲ್ಲಿ ಮುರಿಯುವ ಜಾಗ ಕುತ್ತಿಗೆ. ಜಡೆ ಅದನ್ನು ಹಿಂದಿನಿಂದ ಹಿಡಿದುಕೊಳ್ಳುತ್ತದೆ.

ನೋಡಲು ಮೂರು ಜಾಗ

ಮಣ್ಣು ಮುಟ್ಟುವ ಮುಂಚೆ ಒಂದು ನೋಟ್‌ಪುಸ್ತಕ, ಪೆನ್ಸಿಲ್ ಹಿಡಿದು ಹೊರಡಿ. ಮೈಸೂರಿನಲ್ಲಿ ಇರುವವರು ಪುಣ್ಯವಂತರು. ಬೇಕಾದ್ದೆಲ್ಲಾ ಊರಲ್ಲೇ ಇದೆ.

ಮೊದಲು ಮೃಗಾಲಯ. 1892ರಲ್ಲಿ ಶುರುವಾದ ನಮ್ಮ ಚಾಮರಾಜೇಂದ್ರ ಮೃಗಾಲಯದಲ್ಲಿ ಸಿಂಹಗಳಿವೆ. ಮಂಗಳವಾರ ರಜೆ, ಅದು ನೆನಪಿರಲಿ. ಬೆಳಗ್ಗೆ ಬೇಗ ಹೋಗಿ. ಮಧ್ಯಾಹ್ನ ಹೋದರೆ ಮಲಗಿದ ಸಿಂಹ ಅಷ್ಟೇ ಸಿಗುತ್ತದೆ. ಅದು ಆಕಳಿಸುವವರೆಗೆ ಕಾಯಿರಿ. ಆ ಆಕಳಿಕೆಯಲ್ಲಿ ನಿಮ್ಮ ಅರ್ಧ ಕೆಲಸ ಇದೆ. ಬಾಯಿ ತೆರೆಯುವಾಗ ಅಲ್ಲಾಡುವುದು ಕೆಳದವಡೆ ಮಾತ್ರ. ಮೇಲಿನದು ತಲೆಬುರುಡೆಗೇ ಅಂಟಿಕೊಂಡಿದೆ. ಅಂದರೆ ಸಂಸೋನನ ಎರಡು ಕೈಗಳ ಕೆಲಸ ಒಂದೇ ಥರದ್ದಲ್ಲ. ಒಂದು ಕೈ ಮೂತಿಯನ್ನು ಹಿಡಿದು ಇಡೀ ತಲೆಯನ್ನೇ ಹಿಂದಕ್ಕೆ ಮಣಿಸುತ್ತಿದೆ, ಅದರ ಜೊತೆ ಕುತ್ತಿಗೆ, ಜೂಲು ಎಲ್ಲಾ ಮೇಲಕ್ಕೆ ಎದ್ದಿದೆ. ಇನ್ನೊಂದು ಕೈ ದವಡೆಯನ್ನು ಕೆಳಕ್ಕೆ ಎಳೆಯುತ್ತಿದೆ. ಇದನ್ನು ಗಮನಿಸದೆ ಎರಡು ದವಡೆಯನ್ನೂ ಸಮಸಮವಾಗಿ ತೆರೆದರೆ ಅದು ಮೊಸಳೆಯೂ ಆಗುವುದಿಲ್ಲ, ಸಿಂಹವೂ ಆಗುವುದಿಲ್ಲ. ಕೋರೆಹಲ್ಲನ್ನೂ ನೋಡಿಕೊಳ್ಳಿ. ಬಾಯಿ ಮುಚ್ಚಿದಾಗ ಕೆಳಗಿನ ಕೋರೆ ಮೇಲಿನದಕ್ಕಿಂತ ಮುಂದೆ ಬಂದು ಕೂರುತ್ತದೆ. ಮೂಗಿನ ಮೇಲೆ ಮೂಡುವ ಸುಕ್ಕು, ತುಟಿಯ ಪಕ್ಕದ ಮಡಿಕೆ, ಎಲ್ಲಾ ಬರೆದುಕೊಳ್ಳಿ.

ಆ ಕಾಲದ ಯುರೋಪಿನ ಬಹಳ ಕಲಾವಿದರಿಗೆ ಈ ಅನುಕೂಲ ಇರಲಿಲ್ಲ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1497ರ ಸುಮಾರಿಗೆ ಮರದಚ್ಚಿನಲ್ಲಿ ಇದೇ ಸಂಸೋನನನ್ನು, ಸಿಂಹದ ಮೇಲೇರಿ ಬಾಯಿ ಸೀಳುವ ಹಾಗೆ ಮಾಡಿದ. ಆದರೆ ಜೀವಂತ ಸಿಂಹವನ್ನು ನೋಡಿ ಅವನು ಬರೆದ ಹೆಸರಾದ ಚಿತ್ರಗಳು 1521ರವು, ಗೆಂಟ್ ಊರಿಗೆ ಹೋದಾಗ ಬರೆದವು. ನಡುವೆ ಇಪ್ಪತ್ತು ವರ್ಷಕ್ಕೂ ಜಾಸ್ತಿ. ನಾವು ಟಿಕೆಟ್ ತಗೊಂಡು ಒಳಗೆ ಹೋದರೆ ಸಾಕು.

ಎರಡನೆಯದು ಗರಡಿಮನೆ. ಇದನ್ನು ಬಿಡಲೇಬೇಡಿ. ಮೈಸೂರಿನ ಹಳೇ ಮೊಹಲ್ಲಾಗಳಲ್ಲಿ ಇನ್ನೂ ಗರಡಿಗಳು ನಡೆಯುತ್ತಿವೆ. ಕೇಳಿಕೊಂಡು ಹೋಗಿ, ಚಪ್ಪಲಿ ಹೊರಗೆ ಬಿಡಿ, ಮಟ್ಟಿಗೆ ಕೈ ಮುಟ್ಟಿಸಿ ನಮಸ್ಕಾರ ಮಾಡಿ, ಒಂದು ಮೂಲೆಯಲ್ಲಿ ಕೂತು ಬರೆಯಿರಿ. ಹುಡುಗರು ಪಟ್ಟು ಹಾಕುವಾಗ ಮುಖ ನೋಡಬೇಡಿ, ತೋಳೂ ಬೇಡ. ಪಾದ ನೋಡಿ. ನನಗೆ ಇದನ್ನು ಹೇಳಿಕೊಟ್ಟವರು ಒಬ್ಬ ಹಿರಿಯ ಉಸ್ತಾದರು. ನನ್ನ ಚಿತ್ರದಲ್ಲಿ ತೋಳಿಗೆ ಹಾಕಿದ್ದ ಗೆರೆಗಳನ್ನು ನೋಡಿ ಅವರು, "ತೋಳಲ್ಲಿ ಏನೂ ಇಲ್ಲ ಮೇಷ್ಟ್ರೇ. ಕಾಲು ಊರಿದ್ರೆ ಸೊಂಟ ತಿರುಗುತ್ತೆ. ಸೊಂಟ ತಿರುಗಿದ್ರೆ ಎದುರಿಗಿರೋನು ಎದ್ದ ಅಂತಲೇ ಲೆಕ್ಕ" ಅಂದರು. ಆಮೇಲೆ ಒಬ್ಬ ಹುಡುಗನನ್ನು ಕರೆದು, ಬಗ್ಗಿಸಿ, ಮೇಲಿನಿಂದ ಹಿಡಿದು ತೋರಿಸಿದರು. ಹಿಮ್ಮಡಿಯಿಂದ ತೊಡೆಗೆ, ತೊಡೆಯಿಂದ ಬೆನ್ನಿಗೆ, ಬೆನ್ನಿನಿಂದ ಭುಜಕ್ಕೆ ಬಲ ಹತ್ತುವುದು ಚರ್ಮದ ಮೇಲೆ ಕಾಣುತ್ತಿತ್ತು. ಕೈಗೆ ಬರುವ ಹೊತ್ತಿಗೆ ಕೆಲಸ ಮುಗಿದೇ ಹೋಗಿತ್ತು. ಸಂಸೋನನನ್ನು ಮಾಡುವುದು ಇದನ್ನೇ ನೋಡಿ. ಬೆನ್ನು ಬಿಲ್ಲಾಗಿರಬೇಕು. ಒಂದು ಪಾದ ಪೂರ್ತಿ ಊರಿರಬೇಕು. ಇನ್ನೊಂದು ಮಂಡಿ ಸಿಂಹದ ಬೆನ್ನನ್ನು ಒತ್ತಿರಬೇಕು.

ಮೂರನೆಯದು ಕೆ.ಆರ್. ಸರ್ಕಲ್. ಮಂಟಪದ ಕೆಳಗೆ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆ ಇದೆಯಲ್ಲ, ಫುಟ್‌ಪಾತಿನಲ್ಲಿ ನಿಂತು ಸುಮ್ನೆ ತಲೆ ಎತ್ತಿ ನೋಡಿ. ಎತ್ತರದ ಪೀಠದ ಮೇಲಿನ ಪ್ರತಿಮೆಯಲ್ಲಿ ನಮಗೆ ಮೊದಲು ಕಾಣುವುದು ಪಾದ, ಮೊಣಕಾಲು, ಗಲ್ಲದ ಕೆಳಭಾಗ. ತಲೆ ಚಿಕ್ಕದಾಗಿ ಹಿಂದೆ ಸರಿದ ಹಾಗೆ ಅನ್ನಿಸುತ್ತದೆ. ಚೌಕದ ನಡುವೆ ಕಂಬದ ಮೇಲೆ ನಿಲ್ಲುವ ಬೊಂಬೆಗೆಲ್ಲಾ ಇದೇ ಸಮಸ್ಯೆ. ಅದಕ್ಕೆ ಮದ್ದು ಸುಲಭ. ತಲೆಯನ್ನು ಅಳತೆಗಿಂತ ಸ್ವಲ್ಪ ದೊಡ್ಡದು ಮಾಡಿ, ಮುಂದಕ್ಕೆ ಬಾಗಿಸಿ. ಸಂಸೋನ ಹೇಗೂ ಕೆಳಗಿನ ಸಿಂಹವನ್ನು ನೋಡುತ್ತಿದ್ದಾನೆ. ಹಾಗಾಗಿ ಕೆಳಗೆ ನಿಂತವರಿಗೆ ಅವನ ಮುಖ ತಾನಾಗಿ ಸಿಗುತ್ತದೆ. ಎತ್ತರಕ್ಕೆ ಇದಕ್ಕಿಂತ ಒಪ್ಪುವ ಕಥೆ ಸಿಗುವುದು ಕಷ್ಟ.

ಮಣ್ಣು

ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಮಣ್ಣೂ ನಡೆಯುತ್ತದೆ. ನನಗೆ ಕೆರೆ ಮಣ್ಣೇ ಇಷ್ಟ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಊರವರನ್ನು ಕೇಳಿ ತನ್ನಿ. ಗಣಪತಿ ಮಾಡುವವರ ಹತ್ತಿರ ಕೇಳಿದರೂ ಕೊಡುತ್ತಾರೆ. ಬೊಂಬೆ, ಕಂಬ ಎರಡಕ್ಕೂ ಸೇರಿ 15 ಕೆ.ಜಿ. ಇದ್ದರೆ ಧಾರಾಳ.

ಮಣ್ಣನ್ನು ಮೊದಲು ಪೂರ್ತಿ ಒಣಗಿಸಿ, ಕುಟ್ಟಿ, ಆಮೇಲೆ ನೀರಿಗೆ ಹಾಕಿ. ಒಣಗಿದ ಮಣ್ಣು ನೀರಲ್ಲಿ ತಾನೇ ಕರಗುತ್ತದೆ. ಅರ್ಧ ಹಸಿಯಾದ ಹೆಂಟೆ ದಿನವಿಡೀ ನೆನೆದರೂ ಹಾಗೇ ಇರುತ್ತದೆ. ಕರಗಿದ್ದನ್ನು ಜರಡಿಯಲ್ಲೋ ಹಳೇ ಪಂಚೆಯಲ್ಲೋ ಸೋಸಿ ಕಲ್ಲು, ಬೇರು, ಶಂಖದ ಚೂರು ತೆಗೆಯಿರಿ. ಸುಣ್ಣದ ಚೂರು ಒಂದು ಕಾಳಿನಷ್ಟು ಉಳಿದರೂ, ಸುಟ್ಟ ಮೇಲೆ ಗಾಳಿಯ ತೇವ ಕುಡಿದು ಉಬ್ಬಿ, ಮೇಲಿನ ಪದರವನ್ನು ಎಬ್ಬಿಸಿ ಬಿಡುತ್ತದೆ. ಸೋಸಿದ್ದನ್ನು ಗೋಣಿತಾಟಿನ ಮೇಲೆ ಹರಡಿ ನೀರು ಬಸಿಯಲು ಬಿಡಿ. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಮರಳು ಸೇರಿಸಿ ಕಾಲಲ್ಲಿ ತುಳಿಯಿರಿ. ಮರಳು ಇದ್ದರೆ ಕುಗ್ಗುವುದು ಕಡಿಮೆ, ಬಿರುಕೂ ಕಡಿಮೆ. ಪುಡಿ ಮಾಡಿದ ಭತ್ತದ ಹೊಟ್ಟು ಒಂದೆರಡು ಹಿಡಿ ಹಾಕಿದರೆ ಇನ್ನೂ ಒಳ್ಳೆಯದು. ಸುಡುವಾಗ ಅದು ಉರಿದು ಹೋಗಿ, ಉಗಿ ಹೊರಬರಲು ಸಣ್ಣ ಸಣ್ಣ ದಾರಿ ಬಿಡುತ್ತದೆ.

ಹದ ನೋಡಲು ಒಂದು ತುಂಡನ್ನು ಕಿರುಬೆರಳಿನ ದಪ್ಪಕ್ಕೆ ಹೊಸೆದು, ತೋರುಬೆರಳಿಗೆ ಸುತ್ತಿ. ಬಿರುಕು ಬಿಡದಿದ್ದರೆ ಸರಿ. ಬಿಟ್ಟರೆ ಒದ್ದೆ ಬಟ್ಟೆ ಸುತ್ತಿ ಇನ್ನೊಂದು ವಾರ ಮಾಗಲು ಬಿಡಿ. ಅಪ್ಪ ಮಣ್ಣನ್ನು ತಿಂಗಳುಗಟ್ಟಲೆ ಮಾಗಲು ಬಿಡುತ್ತಿದ್ದರು. ಅವಸರದ ಮಣ್ಣಲ್ಲಿ ಕೈ ಇಟ್ಟವರಲ್ಲ.

ಕಟ್ಟುವುದು

ಹಲಗೆಯ ಮೇಲೆ ಒಂದು ಗೋಣಿಚೂರು ಹಾಸಿ ಶುರು ಮಾಡಿ. ಮಣ್ಣು ಕುಗ್ಗುವಾಗ ಹಲಗೆಗೆ ಅಂಟಬಾರದು. ಹಲಗೆಯನ್ನು ನಿಮ್ಮ ಎದೆಯ ಎತ್ತರಕ್ಕೆ ಇಡಿ. ಆಗಾಗ ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ನೋಡಿ. ಮೇಜಿನ ಮೇಲಿಟ್ಟು ಮೇಲಿನಿಂದ ನೋಡುತ್ತಾ ಮಾಡಿದ ಬೊಂಬೆ, ಕಂಬಕ್ಕೆ ಏರಿದ ದಿನ ಬೇರೆಯೇ ಆಗಿ ಕಾಣುತ್ತದೆ.

ಒಳಗೆ ಕಬ್ಬಿಣದ ಕಂಬಿ ಇಡಬೇಡಿ. ಸಿಮೆಂಟಿನ ಬೊಂಬೆಗೆ ಅದು ಬೇಕು, ಸುಡುವ ಮಣ್ಣಿಗೆ ಅದು ವೈರಿ. ಮಣ್ಣು ಒಣಗುತ್ತಾ ಕುಗ್ಗುತ್ತದೆ, ಕಂಬಿ ಕುಗ್ಗುವುದಿಲ್ಲ, ಕಂಬಿಯ ಉದ್ದಕ್ಕೂ ಬಿರುಕು ಬರುತ್ತದೆ. ಆಸರೆಯನ್ನು ಹೊರಗಿನಿಂದ ಕೊಡಿ. ಸಂಸೋನನ ಹೊಟ್ಟೆಗೆ, ಸಿಂಹದ ಗಲ್ಲಕ್ಕೆ ಮಣ್ಣಿನದೇ ಸಣ್ಣ ಗುಜ್ಜು ನಿಲ್ಲಿಸಿ, ಮಣ್ಣು ಬಿಗಿಯಾದ ಮೇಲೆ ತೆಗೆಯಿರಿ.

ಮೊದಲು ಸಿಂಹ. ಅದರ ಮೈ ಒಂದು ದಪ್ಪ ಉಂಡೆ. ಹಿಂಗಾಲು ಮಡಚಿ ಕುಸಿದಿದೆ, ಮುಂಗಾಲು ಇನ್ನೂ ನೆಲವನ್ನು ಒತ್ತಿ ಏಳಲು ನೋಡುತ್ತಿದೆ. ಸೋತ ಸಿಂಹವನ್ನು ಮಾಡಬೇಡಿ, ಇನ್ನೂ ಸೋಲದ ಸಿಂಹ ಮಾಡಿ. ಅದರ ಎದುರು ಬಲ ಇಲ್ಲದಿದ್ದರೆ ಸಂಸೋನನ ಬಲಕ್ಕೆ ಅರ್ಥ ಇಲ್ಲ. ಮುಂಗಾಲಿನ ಉಗುರು ಹೊರಬಂದಿರಲಿ. ಬಾಲವನ್ನು ಗಾಳಿಯಲ್ಲಿ ಬಿಡದೆ ತೊಡೆಗೋ ಪೀಠಕ್ಕೋ ಅಂಟಿಸಿ.

ಆಮೇಲೆ ಸಂಸೋನನ ಊರಿದ ಕಾಲು, ಸೊಂಟ, ಎದೆ. ಈ ಮೂರನ್ನು ಮೂರು ಉಂಡೆಯಾಗಿ ಮಾಡಿ ಜೋಡಿಸಿ. ಪ್ರತಿ ಉಂಡೆಯೂ ಕೆಳಗಿನದಕ್ಕಿಂತ ಸ್ವಲ್ಪ ತಿರುಗಿರಲಿ. ಪಾದ ಒಂದು ದಿಕ್ಕಿಗೆ, ಸೊಂಟ ಅದಕ್ಕಿಂತ ಸ್ವಲ್ಪ ಬಲಕ್ಕೆ, ಭುಜ ಇನ್ನೂ ಬಲಕ್ಕೆ. ಆ ಕಾಲದ ಇಟಲಿಯ ಶಿಲ್ಪಿಗಳು ಈ ತಿರುವನ್ನು ಬಹಳ ದೂರ ತೆಗೆದುಕೊಂಡು ಹೋದರು. ಜಾಂಬೊಲೋನ್ಯಾ ಎಂಬುವನು 1562ರ ಸುಮಾರಿಗೆ ಫ್ಲಾರೆನ್ಸಿನ ಒಂದು ಕಾರಂಜಿಗಾಗಿ ಸಂಸೋನ ತನ್ನ ಶತ್ರುಗಳಾದ ಫಿಲಿಷ್ಟಿಯರಲ್ಲಿ ಒಬ್ಬನನ್ನು ಹೊಡೆಯುವ ಅಮೃತಶಿಲೆಯ ಪ್ರತಿಮೆ ಕಡೆದ. ಎತ್ತರ ಎರಡು ಮೀಟರಿಗೂ ಜಾಸ್ತಿ. ಕೈಯಲ್ಲಿ ಕತ್ತೆಯ ದವಡೆಮೂಳೆ ಎತ್ತಿ ಹಿಡಿದಿದ್ದಾನೆ. ಆ ಕಥೆ 15ನೇ ಅಧ್ಯಾಯದ್ದು. ಯಾವ ಕಡೆಯಿಂದ ನೋಡಿದರೂ ಮೈ ಸುತ್ತಿಕೊಂಡು ಮೇಲೇರುತ್ತಿರುತ್ತದೆ, ಕಣ್ಣು ಒಂದೇ ಕಡೆ ನಿಲ್ಲುವುದಿಲ್ಲ. ಚೌಕದಲ್ಲಿ ನಾಲ್ಕೂ ಕಡೆಯಿಂದ ಜನ ಬರುತ್ತಾರಲ್ವಾ, ಅಂಥ ಜಾಗಕ್ಕೆ ಬೇಕಾದ್ದು ಇಂಥ ತಿರುವೇ.

ಆ ಪ್ರತಿಮೆಯ ಕಥೆ ನೆನೆದರೆ ನನಗೆ ಸಂಕಟ ಆಗುತ್ತದೆ. 1601ರಲ್ಲಿ ಕಾರಂಜಿಯನ್ನು ಸ್ಪೇನಿನ ಲೆರ್ಮಾ ಡ್ಯೂಕನಿಗೆ ಕಾಣಿಕೆಯಾಗಿ ಕಳಿಸಿದರು. 1623ರಲ್ಲಿ ಮೇಲಿನ ಪ್ರತಿಮೆಯನ್ನು ಮಾತ್ರ ಇಂಗ್ಲೆಂಡಿನ ರಾಜಕುಮಾರನಿಗೆ ಕೊಟ್ಟುಬಿಟ್ಟರು. ಈಗ ಸಂಸೋನ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದ್ದಾನೆ, ಅವನ ತೊಟ್ಟಿ ಸ್ಪೇನಿನ ಅರಾನ್‌ಹುಯೆಸ್‌ನಲ್ಲಿದೆ. ನೀರಿಗಾಗಿ ಹುಟ್ಟಿದ ಬೊಂಬೆ ನೀರಿಲ್ಲದ ಕೋಣೆಯಲ್ಲಿ ನಿಂತಿದೆ. ನಾನು ಕಂಬ, ತೊಟ್ಟಿ, ಬೊಂಬೆ ಮೂರನ್ನೂ ಒಬ್ಬರೇ ಮಾಡಬೇಕು, ಒಟ್ಟಿಗೇ ಮಾಡಬೇಕು ಅಂತ ಹಠ ಹಿಡಿಯುವುದು ಇದಕ್ಕೇ.

ಮೊದಲ ಸಲ ಮಾಡುವವರು ಎತ್ತಿದ ಕೈಯ ತಂಟೆಗೆ ಹೋಗಬೇಡಿ. ಸಿಂಹದ ಸಂಸೋನನೇ ಮಣ್ಣಿಗೆ ಸರಿ. ಅವನ ಎರಡೂ ಕೈ ಸಿಂಹದ ತಲೆಗೆ ಬಂದು ಸೇರುತ್ತವೆ. ತೋಳಿನ ತುದಿ ಗಾಳಿಯಲ್ಲಿ ಉಳಿಯುವುದಿಲ್ಲ, ಹಾಗಾಗಿ ಮುರಿಯುವುದಿಲ್ಲ. ಭಾರವೂ ಒಂದು ಸುತ್ತು ಹಾಕುತ್ತದೆ. ಭುಜದಿಂದ ಕೈಗೆ, ಕೈಯಿಂದ ಸಿಂಹದ ತಲೆಗೆ, ತಲೆಯಿಂದ ಮುಂಗಾಲಿಗೆ, ಅಲ್ಲಿಂದ ಪೀಠಕ್ಕೆ.

ಎರಡು ತುಂಡು ಜೋಡಿಸುವಾಗ ಎರಡೂ ಮುಖಕ್ಕೆ ಮುಳ್ಳುಚಮಚದಿಂದ ಗೀರು ಹಾಕಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿದ ಅದೇ ಮಣ್ಣನ್ನು ಬಳಿದು, ಒತ್ತಿ ಉಜ್ಜಿ ಕೂರಿಸಿ. ಬರೀ ನೀರು ಹಚ್ಚಿ ಅಂಟಿಸಿದ್ದು ಒಣಗಿದ ಮೇಲೆ ಕಳಚುತ್ತದೆ.

ಜೂಲು, ಜಡೆ, ಹಲ್ಲು, ಬೆರಳು ಕೊನೆಗೆ. ಹುಡುಗರಿಗೆ ಹಲ್ಲಿನಿಂದ ಶುರು ಮಾಡಲು ಆಸೆ. ದೂರದಿಂದ ನೋಡಿದಾಗ ಬೆನ್ನಿನ ಬಾಗು ಸರಿ ಇದೆ ಅನ್ನಿಸುವವರೆಗೆ ನಾನು ಹಲ್ಲು ಮುಟ್ಟಲು ಬಿಡುವುದಿಲ್ಲ.

ಸೊಂಟದ ಪಟ್ಟಿ

ಬರ್ನ್‌ನ ಸಂಸೋನನ ಸೊಂಟ ನೋಡಿ. ಪಟ್ಟಿಯಲ್ಲಿ ಕಟುಕರ ಕತ್ತಿ, ಸಲಕರಣೆ ನೇತಾಡುತ್ತಿವೆ. ಆ ಪ್ರತಿಮೆಗೆ ಕಟುಕರ ಸಂಘದವರು ಹಣ ಕೊಟ್ಟಿದ್ದರು. ಬರಿಗೈಯಲ್ಲಿ ಸಿಂಹ ಸೀಳಿದವನಿಗೆ ತಮ್ಮ ಕಸುಬಿನ ಗುರುತು ಕಟ್ಟಿದರು. ನನಗೆ ಈ ಕಾರಂಜಿಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಮೇಲೆ ನಿಂತವನು ಗ್ರಂಥದ ವೀರ, ಅವನ ಸೊಂಟದಲ್ಲಿರುವುದು ಕೆಳಗೆ ನೀರು ಹಿಡಿಯುವವರ ದಿನದ ಕೆಲಸ.

ನಿಮ್ಮ ಸಂಸೋನನಿಗೂ ನಿಮ್ಮ ಮನೆಯ ಕಸುಬು ಕಟ್ಟಿ. ಮಂಡ್ಯದಿಂದ ಬರುತ್ತಿದ್ದ ಒಬ್ಬ ಹುಡುಗ ಕಬ್ಬು ಕಡಿಯುವ ಮಚ್ಚು ನೇತುಹಾಕಿದ. ಟೈಲರ್ ಮಗಳೊಬ್ಬಳು ಕತ್ತರಿ, ಟೇಪು ಮಾಡಿದಳು, ಟೇಪಿನ ಗೆರೆಗಳನ್ನೂ ಸೂಜಿಯಲ್ಲಿ ಎಳೆದಿದ್ದಳು. ನಾನು ಮಾಡಿದ್ದರಲ್ಲಿ ಅಪ್ಪ ಮಡಕೆ ತಟ್ಟುತ್ತಿದ್ದ ಮರದ ಹಲಗೆ ಇದೆ, ಹೆಬ್ಬೆರಳಿನ ಉಗುರಿನಷ್ಟು. ಇವನ್ನು ಪಟ್ಟಿಗೆ ಪೂರ್ತಿ ಒತ್ತಿ ಅಂಟಿಸಿ, ನೇತಾಡುವ ಹಾಗೆ ಬಿಡಬೇಡಿ.

ಟೊಳ್ಳು ಮಾಡುವುದು, ಒಣಗಿಸುವುದು, ಸುಡುವುದು

ಬೊಂಬೆ ಮುಟ್ಟಿದರೆ ತಂಪು, ಒತ್ತಿದರೆ ತಗ್ಗಾಗದ ಹದಕ್ಕೆ ಬಂದಾಗ ತೆಳ್ಳನೆ ತಂತಿಯಿಂದ ಸಂಸೋನನನ್ನು ಸೊಂಟದಲ್ಲಿ ಕತ್ತರಿಸಿ. ಮನಸ್ಸು ಒಪ್ಪುವುದಿಲ್ಲ, ಆದರೂ ಕತ್ತರಿಸಿ. ಸಿಂಹವನ್ನು ಹೊಟ್ಟೆಯ ಕೆಳಗಿನಿಂದ ತೆರೆಯಿರಿ. ತಂತಿಯ ಉಂಗುರದಿಂದ ಒಳಗಿನ ಮಣ್ಣು ಕೆರೆದು, ಗೋಡೆ ಎಲ್ಲಾ ಕಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ ಉಳಿಯುವ ಹಾಗೆ ಮಾಡಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ತೆಳುವಾದದ್ದು ಬೇಗ ಒಣಗಿ ಎಳೆಯುತ್ತದೆ, ಬಿರುಕು ಬರುತ್ತದೆ. ಒಳಗಿನ ಟೊಳ್ಳಿನಿಂದ ಹೊರಕ್ಕೆ, ಬುಡದಲ್ಲಿ ಪೆನ್ಸಿಲ್ ದಪ್ಪದ ತೂತು ಇಡಿ. ಮುಚ್ಚಿದ ಟೊಳ್ಳಿನ ಗಾಳಿ, ಉಗಿ ಹೋಗಲು ದಾರಿ ಬೇಕು. ಮತ್ತೆ ಗೀರು ಹಾಕಿ, ಕಲಸಿದ ಮಣ್ಣು ಬಳಿದು ಜೋಡಿಸಿ.

ನೆರಳಲ್ಲಿ, ಹಳೇ ಬಟ್ಟೆ ಮುಚ್ಚಿ ಎರಡು ವಾರ ಒಣಗಿಸಿ. ಜೂಲು, ಬೆರಳು, ಜಡೆಯ ತುದಿಗೆ ಮೊದಲ ವಾರ ಪ್ಲಾಸ್ಟಿಕ್ ಸುತ್ತಿಡಿ. ಒಣಗಿದೆಯಾ ಅಂತ ತಿಳಿಯಲು ಕೆನ್ನೆಗೆ ಒತ್ತಿ. ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ.

ಸುಡಲು ಊರಿನ ಕುಂಬಾರರ ಆವಿಗೆಗೆ ಕೊಡುವುದೇ ಒಳ್ಳೆಯದು. ಮಡಕೆಗಳ ನಡುವೆ ಇಡಲು ಕೇಳಿ. ಅಂಚಿನಲ್ಲಿ ಬೆಂಕಿ ನೇರ ತಾಗುತ್ತದೆ. ಮೊದಲ ಗಂಟೆಗಳಲ್ಲಿ ಉರಿ ಬಹಳ ಸಣ್ಣದಿರಬೇಕು. ಮಣ್ಣಿನ ಒಳಗಿನ ನೀರು 100 ಡಿಗ್ರಿಗೆ ಉಗಿಯಾಗುತ್ತದೆ, ಹೊರಬರಲು ಸಮಯ ಸಿಗದಿದ್ದರೆ ಬೊಂಬೆ ಸಿಡಿಯುತ್ತದೆ. 573 ಡಿಗ್ರಿಯಲ್ಲಿ ಮರಳಿನ ಹರಳು ಸಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಅದಕ್ಕೇ ಏರಿಸುವುದೂ ಇಳಿಸುವುದೂ ನಿಧಾನ. ಬೊಂಬೆ ಕೆಂಪಗೆ ಬೆಂದ ಮೇಲೂ ಆವಿಗೆ ತಾನಾಗಿ ಆರುವವರೆಗೆ ತೆರೆಸಬೇಡಿ. ಹಸಿ ಮಣ್ಣಿನ ಅಳತೆಗಿಂತ ಸುಟ್ಟದ್ದು ಹತ್ತರಲ್ಲಿ ಒಂದು ಪಾಲಿನಷ್ಟು ಚಿಕ್ಕದಾಗಬಹುದು. ಒಂದಡಿ ಬೇಕಿದ್ದರೆ ಹದಿಮೂರು ಇಂಚಿಗೆ ಕಟ್ಟಿ.

ಬಣ್ಣ

ಬಣ್ಣ ಹಾಕಿ. ಬಹಳ ಜನ ಹಳೇ ಶಿಲ್ಪ ಅಂದರೆ ಬಿಳಿ ಕಲ್ಲು ಅಂದುಕೊಳ್ಳುತ್ತಾರೆ. ಬರ್ನ್‌ನ ಕಾರಂಜಿಗಳೆಲ್ಲಾ ಗಾಢ ಬಣ್ಣದವು, ಚಿನ್ನದ ಮೆರುಗೂ ಇದೆ. ನಮ್ಮ ಚಾಮುಂಡಿ ಬೆಟ್ಟದ ಮಹಿಷಾಸುರನ ಹಾಗೆ ದೂರದಿಂದಲೇ ಕರೆಯುತ್ತವೆ. ಚೌಕದಲ್ಲಿ ನಿಂತವನು ಹಾಗೇ ಇರಬೇಕು. ಸುಟ್ಟ ಮೇಲೆ ಅಕ್ರಿಲಿಕ್ ಬಣ್ಣ ಸಾಕು, ಅದರ ಮೇಲೆ ಹೊರಾಂಗಣದ ವಾರ್ನಿಷ್ ಎರಡು ಕೋಟು. ಮೈಗೆ ಕೆಮ್ಮಣ್ಣಿನ ಬಣ್ಣವನ್ನೇ ಬಿಟ್ಟು, ಬಟ್ಟೆ, ಪಟ್ಟಿ, ಜೂಲಿಗೆ ಮಾತ್ರ ಬಣ್ಣ ಹಾಕಿದರೂ ಚೆಂದ. ಚಿನ್ನದ ಬಣ್ಣವನ್ನು ಸೊಂಟದ ಕಸುಬಿಗೆ ಇಟ್ಟುಕೊಳ್ಳಿ.

ನೀರು

ನೀರನ್ನು ಎಲ್ಲಿಂದ ಬಿಡುವುದು? ಮೂರು ದಾರಿ ಇವೆ. ರಷ್ಯಾದ ಪೀಟರ್‌ಹಾಫ್ ಅರಮನೆಯಲ್ಲಿ ಸಂಸೋನ ಮೊದಲು ನಿಂತದ್ದು ಹದಿನೆಂಟನೇ ಶತಮಾನದಲ್ಲಿ. ಅಲ್ಲಿ ಸಿಂಹದ ಬಾಯಿಂದಲೇ ನೀರು ಸುಮಾರು 20 ಮೀಟರ್ ಎತ್ತರಕ್ಕೆ ಚಿಮ್ಮುತ್ತದೆ. ಫ್ಲಾರೆನ್ಸಿನಲ್ಲಿ ದೊನಾತೆಲ್ಲೊ ಎಂಬ ಶಿಲ್ಪಿ ಎರಕ ಹೊಯ್ದ ಜೂಡಿತ್ ಎಂಬ ವೀರಮಹಿಳೆಯ ಪ್ರತಿಮೆಯಲ್ಲಿ, ಕಾಲಡಿಯ ದಿಂಬಿನ ಮೂಲೆಗಳಲ್ಲಿ ತೂತುಗಳಿವೆ. ಅದೂ ಒಂದು ಕಾಲಕ್ಕೆ ಕಾರಂಜಿಯಾಗಿತ್ತು ಎಂದು ನಂಬಲು ಆ ತೂತುಗಳೇ ಕಾರಣ. 1495ರಲ್ಲಿ ಊರ ಜನ ಅದನ್ನು ಮೆದಿಚಿ ಮನೆತನದ ಅರಮನೆಯಿಂದ ತಂದು ಚೌಕದಲ್ಲಿ ನಿಲ್ಲಿಸಿದರು. ಬರ್ನ್‌ನಲ್ಲಿ ಬೊಂಬೆ ಒಣಗಿಯೇ ಇರುತ್ತದೆ. ನೀರು ಬರುವುದು ಕೆಳಗೆ, ಕಂಬದಿಂದ ಹೊರಚಾಚಿದ ನಳಿಗೆಗಳಿಂದ.

ನನ್ನ ಆಯ್ಕೆ ಬರ್ನ್‌ನದೇ. ಆ ಕಾರಂಜಿಗಳು ಊರಿಗೆ ಕುಡಿಯುವ ನೀರು ಕೊಡಲು ಕಟ್ಟಿದವು, ಬಿಂದಿಗೆ ಹಿಡಿಯುವ ಎತ್ತರದಲ್ಲಿ ನಳಿಗೆ ಇರಬೇಕಿತ್ತು. ನಮಗೂ ಅದೇ ಅನುಕೂಲ. ಬೊಂಬೆಯ ಒಳಗೆ ಪೈಪ್ ತೂರಿಸುವ ಕಷ್ಟ ಇಲ್ಲ, ಬಣ್ಣದ ಮೇಲೆ ದಿನವಿಡೀ ನೀರು ಸುರಿಯುವುದೂ ಇಲ್ಲ.

ಕಂಬವನ್ನು ಟೊಳ್ಳು ಕೊಳವೆಯಾಗಿ ಮಾಡಿ ಬೇರೆಯಾಗಿ ಸುಡಿ. ಬುಡದಿಂದ ನಾಲ್ಕು ಇಂಚು ಮೇಲೆ ಎದುರುಬದುರು ಎರಡು ತೂತು. ಕುಗ್ಗುವುದರಿಂದ ತೂತು ನಿಮ್ಮ ನಳಿಗೆಗಿಂತ ಸಡಿಲ ಇರಲಿ. ನಳಿಗೆಯನ್ನು ಸುಟ್ಟ ಮೇಲೆಯೇ ಕೂರಿಸಿ ಎಂ-ಸೀಲ್ ಹಚ್ಚಿ. ಸಣ್ಣ ಹಿತ್ತಾಳೆ ಕೊಳವೆ ಸಿಕ್ಕರೆ ಬಹಳ ಚೆಂದ. ಒಳಗೆ ಅಕ್ವೇರಿಯಮ್ಮಿನ ಪ್ಲಾಸ್ಟಿಕ್ ಟ್ಯೂಬು, ಒಂದು ಮೂರು ಬಾಯಿಯ ಟೀ (T) ಜೋಡಣೆ, ಕೆಳಗೆ ಕೂಲರಿನ ಚಿಕ್ಕ ಪಂಪು. 18 ವ್ಯಾಟಿನದು ಸಾಕು. ರಭಸ ಜಾಸ್ತಿಯಾದರೆ ಪಂಪಿನ ಮೇಲಿನ ತಿರುಪು ತಿರುಗಿಸಿ ಇಳಿಸಿ. ನೀರು ಕಮಾನಿನ ಹಾಗೆ ಬಿದ್ದು ತೊಟ್ಟಿಯ ಅರ್ಧಕ್ಕೆ ತಲುಪಬೇಕು, ಆಚೆ ಹಾರಬಾರದು. ವೈರನ್ನು ಪ್ಲಗ್ಗಿಗೆ ಹೋಗುವ ಮುಂಚೆ ಒಮ್ಮೆ ಕೆಳಕ್ಕೆ ಇಳಿಬಿಟ್ಟು ಮೇಲೆತ್ತಿ. ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಪ್ಲಗ್ಗಿಗೆ ಮುಟ್ಟುವುದಿಲ್ಲ.

ಕರೆಂಟ್ ಇಲ್ಲದೆಯೂ ಆಗುತ್ತದೆ, ಶಾಲೆಯಲ್ಲಿ ತೋರಿಸಲು ಅದೇ ಒಳ್ಳೆಯದು. ಹಳೇ ಕಾಲದ ಕಾರಂಜಿಗಳು ಎತ್ತರದಿಂದ ಇಳಿದುಬರುವ ನೀರಿನ ಬಲದಲ್ಲೇ ಹರಿದವು. ಒಂದು ಬಕೆಟ್ಟನ್ನು ನಳಿಗೆಗಿಂತ ಮೂರಡಿ ಮೇಲೆ ಕಪಾಟಿನ ಮೇಲಿಟ್ಟು, ಟ್ಯೂಬನ್ನು ಒಮ್ಮೆ ಬಾಯಲ್ಲಿ ಎಳೆದು ನಳಿಗೆಗೆ ಸೇರಿಸಿ. ಬಕೆಟ್ಟಿನ ನೀರಿನ ಮಟ್ಟ ಇಳಿದ ಹಾಗೆ ಧಾರೆ ಹತ್ತಿರ ಹತ್ತಿರ ಬೀಳುವುದು ಮಕ್ಕಳಿಗೆ ಕಣ್ಣಾರೆ ಕಾಣುತ್ತದೆ. ಟ್ಯೂಬಿನ ಬಾಯನ್ನು ಮೇಲಕ್ಕೆ ತಿರುಗಿಸಿ ಬಿಟ್ಟರೂ ನೀರು ಬಕೆಟ್ಟಿನ ಮಟ್ಟ ದಾಟಿ ಏರುವುದಿಲ್ಲ.

ತೊಟ್ಟಿಯನ್ನು ಬರ್ನ್‌ನ ಹಾಗೆ ಎಂಟು ಮೂಲೆಯದು ಮಾಡಬಹುದು. ಆದರೆ ಸುಟ್ಟ ಮಣ್ಣು ನೀರು ಜಿನುಗಿಸುತ್ತದೆ. ಒಳಗೆ ಸಿಮೆಂಟ್ ಗಾರೆ ಬಳಿದು ವಾಟರ್‌ಪ್ರೂಫ್ ಹಚ್ಚಿ, ಇಲ್ಲವೇ ಹೊರಗೆ ಮಣ್ಣಿನ ಹಲಗೆಗಳನ್ನು ನಿಲ್ಲಿಸಿ ಒಳಗೆ ಪ್ಲಾಸ್ಟಿಕ್ ಟಬ್ ಇಡಿ. ಕಂಬದ ಬುಡಕ್ಕೆ ನಾಲ್ಕು ಇಟ್ಟಿಗೆ ಚೂರು ಕೊಟ್ಟು ಪಂಪಿಗೆ ಜಾಗ ಬಿಡಿ. ಕಂಬದ ಟೊಳ್ಳಿಗೆ ತಳದಲ್ಲಿ ಎರಡು ಹಿಡಿ ಜಲ್ಲಿ ಹಾಕಿ. ಮೇಲೆ ಸಂಸೋನ, ಸಿಂಹ ಇಬ್ಬರ ತೂಕ ಕೂತಾಗ ಬುಡ ಭಾರ ಇರಬೇಕು. ಬೊಂಬೆಯನ್ನು ಕಂಬಕ್ಕೆ ಅಂಟಿಸಬೇಡಿ. ಬೊಂಬೆಯ ಪೀಠದ ಕೆಳಗೆ ಮೊಳೆಯ ಹಾಗೆ ಚಾಚಿದ ಮಣ್ಣಿನ ಗೂಟ ಮಾಡಿ, ಕಂಬದ ಬಾಯಿಗೆ ಕೂರಿಸಿದರೆ ಸಾಕು. ತೊಳೆಯಲು ತೆಗೆಯಬೇಕಾಗುತ್ತದೆ.

ಮೈಸೂರಿನ ಬೋರ್‌ವೆಲ್ ನೀರು ಬಿಳಿ ಕಲೆ ಕಟ್ಟುತ್ತದೆ, ಆದಷ್ಟು ಕಾವೇರಿ ನೀರು ಅಥವಾ ಮಳೆ ನೀರು ತುಂಬಿ. ನಳಿಗೆಯ ಬಾಯಲ್ಲಿ ಕಲೆ ಕಟ್ಟಿದರೆ ನಿಂಬೆ ಹೋಳಿನಿಂದ ಉಜ್ಜಿ. ಪಂಪು ನಿಲ್ಲಿಸಿಟ್ಟ ದಿನಗಳಲ್ಲಿ ತೊಟ್ಟಿ ಪೂರ್ತಿ ಖಾಲಿ ಮಾಡಿ ಒರೆಸಿ. ಡೆಂಗಿ ಸೊಳ್ಳೆ ಮರಿ ಮಾಡುವುದು ಇಂಥ ನಿಂತ ನೀರಲ್ಲೇ. ಹರಿಯುತ್ತಿದ್ದರೂ ವಾರಕ್ಕೊಮ್ಮೆ ನೀರು ಬದಲಿಸಿ, ಹಳೇ ನೀರನ್ನು ಗಿಡಗಳಿಗೆ ಹಾಕಿ.